3 ತಿಂಗಳ ಇಂಜೆಕ್ಷನ್ನು, 14 ತಿಂಗಳು ಕಾದಿದ್ದು

ಮಿಕ್ಸಿಗೆ, ಕುಕ್ಕರ್‌ಗೆ, ಹೋಟೆಲ್ ಚಟ್ನಿಗೆ ಎಲ್ಲರೂ ರಿವ್ಯೂ ಬರೆಯುತ್ತಾರೆ. ನಾನು ಒಂದು ಇಂಜೆಕ್ಷನ್‌ಗೆ ಬರೆಯುತ್ತಿದ್ದೇನೆ. ನಮ್ಮೂರ ಕಡೆ ಹೆಂಗಸರು ಇದನ್ನು ತೆಗೆದುಕೊಳ್ಳುತ್ತಾರೆ, ಆದರೆ ಬಾಯಿಬಿಟ್ಟು ಮಾತಾಡುವುದಿಲ್ಲ. ಮಾತಾಡಿದ್ದರೆ ನನ್ನ ಒಂದು ವರ್ಷದ ಅಳು ತಪ್ಪುತ್ತಿತ್ತು.

ಬಸುರಾಗದಂತೆ ತಡೆಯಲು ಸರ್ಕಾರದವರು ಪುಕ್ಕಟೆ ಕೊಡುವ ‘ಅಂತರ’ ಅನ್ನುವ ಇಂಜೆಕ್ಷನ್. 2017ರಲ್ಲಿ ಶುರು ಮಾಡಿದ್ದು. ಒಳಗಿರುವ ಔಷಧಿ ಮೆಡ್ರಾಕ್ಸಿಪ್ರೊಜೆಸ್ಟರಾನ್, 150 ಮಿಲಿಗ್ರಾಂ, 3 ತಿಂಗಳಿಗೆ ಒಂದು ಸಲ. ನಾನು 2019ರ ಅಕ್ಟೋಬರ್‌ನಿಂದ 2022ರ ಜುಲೈವರೆಗೆ ಒಟ್ಟು 12 ತೆಗೆದುಕೊಂಡೆ. ಬಸುರಾಗದಂತೆ ತಡೆಯುವ ಕೆಲಸಕ್ಕೆ ನನ್ನ ಕಡೆಯಿಂದ 5ಕ್ಕೆ 5. ನಿಲ್ಲಿಸಿದ ಮೇಲೆ ಏನಾಗುತ್ತದೆ ಅಂತ ನನಗೆ ತಿಳಿಸಿ ಹೇಳಿದ್ದಕ್ಕೆ 5ಕ್ಕೆ 1. ಆ ಒಂದೂ ಮನುಷ್ಯರಿಗಲ್ಲ, ಅವರು ಕೊಟ್ಟ ಕಾರ್ಡಿಗೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಮಗಳು ಹುಟ್ಟಿದ್ದು 2019ರ ಆಗಸ್ಟ್. ಇನ್ನೊಂದು ಮಗು ಬೇಕು, ಆದರೆ ಈಗಲೇ ಬೇಡ. ಮಾತ್ರೆ ನನಗೆ ಆಗಿಬರುವುದಿಲ್ಲ, ಅಂದರೆ ಹೊಟ್ಟೆಗಲ್ಲ, ನೆನಪಿಗೆ. ಎದೆಹಾಲು ಕುಡಿಸುವವರೂ ಹೆರಿಗೆಯಾದ 6 ವಾರದ ಮೇಲೆ ಇದನ್ನು ತೆಗೆದುಕೊಳ್ಳಬಹುದು, ಹಾಲಿಗೆ ಏನೂ ತೊಂದರೆ ಇಲ್ಲ ಅಂದರು. ತೋಳಿಗೆ ಚುಚ್ಚಿದರು. ಚುಚ್ಚಿದ ಜಾಗ ಉಜ್ಜಬೇಡಿ, ಬಿಸಿನೀರಿನ ಶಾಖ ಕೊಡಬೇಡಿ ಅಂತ ಎರಡೆರಡು ಸಲ ಹೇಳಿದರು. ಯಾಕೆ ಅಂತ ನಾನು ಕೇಳಲಿಲ್ಲ. ಈಗ ನೋಡಿದರೆ ನನ್ನ ಇಡೀ ಕಥೆ ಆ ಒಂದು ಮಾತಿನೊಳಗೇ ಇತ್ತು.

2020ರ ಏಪ್ರಿಲ್‌ನಲ್ಲಿ ಲಾಕ್‌ಡೌನ್. ನನ್ನ ತಾರೀಕು ಬಂದು ಹೋಯಿತು, ಹೊರಗೆ ಕಾಲಿಡುವ ಹಾಗಿಲ್ಲ. ಗಾಬರಿಯಾಗಿ ಆಶಾ ಅಕ್ಕನಿಗೆ, ಅಂದರೆ ನಮ್ಮ ಆಶಾ ಕಾರ್ಯಕರ್ತೆಗೆ, ಫೋನ್ ಮಾಡಿದೆ. ತಾರೀಕು ದಾಟಿ 4 ವಾರದವರೆಗೂ ತೊಂದರೆ ಇಲ್ಲ ತಂಗಿ, ನಾನೇ ಹೇಳ್ತೀನಿ ಯಾವಾಗ ಬರ್ಬೇಕು ಅಂತ, ಅಂದರು. ಹೇಳಿದ ಹಾಗೇ ಮಾಡಿಸಿದರು. ಆ ಅಕ್ಕನಿಗೆ ಬೇರೆಯಾಗಿ 5 ಸ್ಟಾರ್.

ಡೇಟ್, ಅಂದರೆ ಮುಟ್ಟು, ಮಾತ್ರ ಮೊದಲು ಅಡ್ಡಾದಿಡ್ಡಿ ಆಯಿತು, ಆಮೇಲೆ ಬರುವುದೇ ನಿಂತಿತು. ಇದು ನನ್ನೊಬ್ಬಳ ಕಥೆಯಲ್ಲ, ವರ್ಷ ತುಂಬುವಷ್ಟರಲ್ಲಿ ಹತ್ತಿರ ಹತ್ತಿರ ಅರ್ಧ ಜನಕ್ಕೆ ಹೀಗೆ ನಿಲ್ಲುತ್ತದೆ. ನಮ್ಮತ್ತೆಗೆ ಅದೊಂದು ಚಿಂತೆ. ಕೆಟ್ಟ ರಕ್ತ ಒಳಗೇ ಉಳಿದು ಗಂಟು ಕಟ್ಟತೈತಿ ಅನ್ನುವವರು. ಹಾಗೇನೂ ಇಲ್ಲ. ಗರ್ಭಕೋಶದ ಒಳಪದರ ಬೆಳೆಯುವುದೇ ಕಡಿಮೆ, ಹಾಗಾಗಿ ಹೊರಗೆ ಬರಲು ಏನೂ ಇರುವುದಿಲ್ಲ, ಅಷ್ಟೇ. ತೂಕ 3 ವರ್ಷದಲ್ಲಿ 5 ಕೆಜಿ ಏರಿತು. ವರ್ಷಕ್ಕೆ ಒಂದೆರಡು ಕೆಜಿ ಏರುವುದು ಈ ಇಂಜೆಕ್ಷನ್ನಿನಲ್ಲಿ ಇದ್ದದ್ದೇ ಅಂತೆ. ಪೂರ್ತಿ ತಪ್ಪು ಅದರ ಮೇಲೆ ಹಾಕಲಾರೆ, ದಾವಣಗೆರೆಯ ನಿಟುವಳ್ಳಿಯಲ್ಲಿ ನಮ್ಮ ರಸ್ತೆ ಕೊನೆಗೆ ಬೆಣ್ಣೆ ದೋಸೆ ಹೋಟೆಲ್ ಇದೆ.

ಇನ್ನು ಕೆಟ್ಟದ್ದು.

2022ರ ಜುಲೈ ಇಂಜೆಕ್ಷನ್ನೇ ಕೊನೆ ಅಂತ ನಾನು, ನಮ್ಮನೆಯವರು ಕೂತು ತೀರ್ಮಾನ ಮಾಡಿದೆವು. ನಮ್ಮ ಲೆಕ್ಕ ಹೀಗಿತ್ತು. 3 ತಿಂಗಳ ಇಂಜೆಕ್ಷನ್, ಅಕ್ಟೋಬರ್‌ಗೆ ಪವರ್ ಮುಗಿಯುತ್ತದೆ, ದೀಪಾವಳಿ ಕಳೆದ ಮೇಲೆ ಶುರು ಮಾಡಿದರೆ ಯುಗಾದಿ ಹೊತ್ತಿಗೆ ಸಿಹಿ ಸುದ್ದಿ. ಕೊನೆಯ ಸಲ ಹೋದಾಗ ಅಲ್ಲಿ ಕೇಳಿಯೂ ಕೇಳಿದೆ, ಸಿಸ್ಟರ್, ನಿಲ್ಲಿಸಿದ ಮೇಲೆ ಮಕ್ಕಳಾಗ್ತವಲ್ಲ? ಅಂತ. ಆಗ್ತವೆ ಆಗ್ತವೆ, ಏನೂ ಆಗಲ್ಲ ಹೋಗಿ, ಅಂದರು. ಎಲ್ಲಿ ಅಂತ ಹೆಸರು ಹಾಕುವುದಿಲ್ಲ. ಅವರು ಕೆಟ್ಟವರಲ್ಲ, ಹಿಂದೆ ಇಪ್ಪತ್ತು ಜನ ಸಾಲಲ್ಲಿ ನಿಂತಿದ್ದರು. ಅವರು ಹೇಳಿದ್ದು ಸುಳ್ಳೂ ಅಲ್ಲ. ಯಾವಾಗ ಆಗ್ತವೆ ಅನ್ನುವುದೊಂದು ಬಿಟ್ಟುಹೋಯಿತು.

ಅಕ್ಟೋಬರ್ ಹೋಯಿತು. ನವೆಂಬರ್, ಡಿಸೆಂಬರ್. ಡೇಟ್ ಇಲ್ಲ. ಡೇಟ್ ಇಲ್ಲ ಅಂದರೆ ಬಸುರಿಯೂ ಇರಬಹುದಲ್ಲ ಅಂತ ತಿಂಗಳಿಗೊಂದು ಕಿಟ್ ತಂದು ಬೆಳಗಿನ ಜಾವ ಬಚ್ಚಲಲ್ಲಿ ನಿಂತು ನೋಡುವುದು, ಒಂದೇ ಗೆರೆ, ಅದನ್ನು ಪೇಪರಲ್ಲಿ ಸುತ್ತಿ ಕಸದ ಬುಟ್ಟಿಯ ತಳಕ್ಕೆ ತುರುಕುವುದು. ಎಲ್ಲರಿಗೂ ಡೇಟ್ ಬಂದರೆ ಬೇಜಾರು, ನನಗೆ ಬಂದರೂ ಸಾಕಪ್ಪ ಅನ್ನುವ ಹಾಗಾಗಿತ್ತು. 2023ರ ಫೆಬ್ರವರಿಯಲ್ಲಿ ಎರಡು ದಿನ ಕಂದು ಕಲೆ ಕಂಡಿತು. ದುಗ್ಗಮ್ಮನ ಗುಡಿಗೆ ಹೋಗಿ ಹಣ್ಣುಕಾಯಿ ಮಾಡಿಸಿಕೊಂಡು ಬಂದೆ. ಮತ್ತೆ ಏನೂ ಇಲ್ಲ.

ಇದರ ಮಧ್ಯೆ ಚಿತ್ರದುರ್ಗದ ನಮ್ಮಕ್ಕ. ಅವಳು 5 ವರ್ಷ ಮಾಲಾ-ಡಿ ಮಾತ್ರೆ ನುಂಗಿದವಳು, ಬಿಟ್ಟ ಎರಡನೇ ತಿಂಗಳಿಗೇ ಬಸುರಿ. ಫೋನ್ ಮಾಡಿದಾಗೆಲ್ಲ, ನನಗೇನೂ ಆಗ್ಲಿಲ್ಲಪ್ಪ, ನಿಂಗ್ಯಾಕೆ ಹಿಂಗೆ, ಅನ್ನುವಳು. ಪ್ರೀತಿಗೇ ಅನ್ನುತ್ತಿದ್ದಳು. ಆದರೂ ಫೋನ್ ಇಟ್ಟ ಮೇಲೆ ಅರ್ಧ ಗಂಟೆ ನಾನು ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಅತ್ತೆ ಪಕ್ಕದ ಮನೆಯವರ ಹತ್ತಿರ, ಇಂಜೆಕ್ಷನ್ ತಗಂಡು ತಗಂಡು ಗರ್ಭಕೋಶ ಒಣಗೇತಿ ಕಣವ್ವ, ಅಂದಿದ್ದು ಅಡುಗೆ ಮನೆ ಕಿಟಕಿಯಿಂದ ನನಗೆ ಕೇಳಿಸಿತು. ನಾನೂ ಹಾಗೇ ಅಂದುಕೊಂಡಿದ್ದೆ, ಅದಕ್ಕೇ ಜಗಳಕ್ಕೆ ಹೋಗಲಿಲ್ಲ.

ಮಾರ್ಚ್‌ನಲ್ಲಿ, ಅಂದರೆ ಕೊನೆಯ ಇಂಜೆಕ್ಷನ್ ಆಗಿ 8 ತಿಂಗಳಿಗೆ, ಊರಲ್ಲಿ ದೊಡ್ಡ ಬೋರ್ಡ್ ಹಾಕಿಕೊಂಡಿರುವ ಒಂದು ಸೆಂಟರ್‌ಗೆ ಹೋದೆವು. ಇದರ ಹೆಸರನ್ನೂ ಬರೆಯುವುದಿಲ್ಲ. ಎಸಿ ಇದೆ, ಗೋಡೆ ತುಂಬ ಕೆನ್ನೆ ಉಬ್ಬಿದ ಮಕ್ಕಳ ಫೋಟೋ ಇದೆ. ಎರಡು ಪುಟದ ಫಾರ್ಮ್ ತುಂಬಿಸಿಕೊಂಡರು. ಮದುವೆ ಯಾವಾಗ, ಶುಗರ್ ಇದೆಯಾ, ಮನೆಯವರ ಸಂಬಳ ಎಷ್ಟು, ಎಲ್ಲ ಇತ್ತು. ಇಷ್ಟು ವರ್ಷ ಮಕ್ಕಳಾಗದಂತೆ ಏನು ಬಳಸಿದಿರಿ ಅನ್ನುವ ಪ್ರಶ್ನೆ ಮಾತ್ರ ಇರಲಿಲ್ಲ. ನಾನೇ ಬಾಯಿಬಿಟ್ಟು ಹೇಳಿದೆ. ಹೌದಾ ಅಂದು ಕಂಪ್ಯೂಟರ್ ಕಡೆ ತಿರುಗಿದರು. ಆಮೇಲೆ ಒಂದು ಚೀಟಿಯಲ್ಲಿ ಒಂಬತ್ತು ಟೆಸ್ಟ್, ಟ್ಯೂಬ್ ಎಕ್ಸ್‌ರೇ, ಅದಾದ ಮೇಲೆ ಮೂರು ಸಲ ಐಯುಐ (ವೀರ್ಯವನ್ನು ನಳಿಕೆಯಿಂದ ಗರ್ಭಕೋಶಕ್ಕೆ ಬಿಡುವುದು), ಆಗದಿದ್ದರೆ ಐವಿಎಫ್ ಪ್ಯಾಕೇಜ್, ಕಂತಿನಲ್ಲಿ ಕಟ್ಟುವ ಸೌಕರ್ಯ ಇದೆ. ಹೊರಗೆ ಬಂದು ಸ್ಕೂಟರ್ ಹತ್ತಿರ ನಿಂತು ನಾನು ಅತ್ತುಬಿಟ್ಟೆ. ನಮ್ಮನೆಯವರು ಸುಮ್ನೆ ಆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಇಟ್ಟುಕೊಂಡರು. ಮಂಡಿಪೇಟೆಯಲ್ಲಿ ಅಂಗಡಿ ಇಟ್ಟವರು, ಆ ಮೊತ್ತ ನೋಡಿದ ತಕ್ಷಣ ಅವರಿಗೆ ವ್ಯಾಪಾರ ಅರ್ಥವಾಗಿತ್ತು.

ಏಪ್ರಿಲ್‌ನಲ್ಲಿ ಇನ್ನೊಬ್ಬ ಡಾಕ್ಟರ್. ವಯಸ್ಸಾದ ಮೇಡಂ, ಪುಟ್ಟ ಕ್ಲಿನಿಕ್, ಮರದ ಬೆಂಚು, ತಿರುಗಿದರೆ ಕಿರ್ರೆನ್ನುವ ಫ್ಯಾನು. ಅವರು ಕೇಳಿದ ಮೊದಲ ಪ್ರಶ್ನೆಯೇ, ಕೊನೇ ಇಂಜೆಕ್ಷನ್ ಯಾವತ್ತು? ಕಾರ್ಡ್ ಇದೆಯಾ?

ಇತ್ತು. ಮಗಳ ತಾಯಿ ಕಾರ್ಡಿನ ಜೊತೆ ಬೀರುವಿನಲ್ಲಿ ಇಟ್ಟಿದ್ದೆ, ಅವತ್ತು ಏನೋ ಹೊಳೆದು ಬ್ಯಾಗಿಗೆ ಹಾಕಿಕೊಂಡಿದ್ದೆ. 12 ತಾರೀಕು ಸಾಲಾಗಿ ಬರೆದಿತ್ತು. ಮೇಡಂ ಕೊನೆಯ ತಾರೀಕಿನ ಕೆಳಗೆ ಪೆನ್ನಿನಿಂದ ಗೆರೆ ಎಳೆದು, ಬೆರಳು ಮಡಚುತ್ತಾ ಎಣಿಸಿ, 9 ತಿಂಗಳು, ಇನ್ನೂ ಟೈಮೇ ಆಗಿಲ್ವಲ್ಲಮ್ಮ, ಅಂದರು.

ನಮ್ಮ ಲೆಕ್ಕ ತಪ್ಪಿದ್ದೆಲ್ಲಿ ಅಂತ ಅವರು ಹೇಳಿದ ರೀತಿ ನನಗೆ ಈಗಲೂ ನೆನಪಿದೆ. ಮಾತ್ರೆ ಅಂದರೆ ಪುಡಿ ಸಕ್ಕರೆ. ನಾಲಿಗೆ ಮೇಲೆ ಹಾಕಿದರೆ ಕರಗಿಹೋಗುತ್ತದೆ, ಅದಕ್ಕೇ ದಿನಾ ನುಂಗಬೇಕು. ಬಿಟ್ಟರೆ ಕೆಲವೇ ದಿನದಲ್ಲಿ ಮೈಯಿಂದ ಖಾಲಿ, ನಿಮ್ಮಕ್ಕನಿಗೆ ಬೇಗ ನಿಂತಿದ್ದು ಅದಕ್ಕೆ. ಇಂಜೆಕ್ಷನ್ ಅಂದರೆ ದವಡೆಯಲ್ಲಿ ಇಟ್ಟುಕೊಂಡ ಕಲ್ಲುಸಕ್ಕರೆ. ಔಷಧಿಯ ಸಣ್ಣ ಸಣ್ಣ ಹರಳು ಸ್ನಾಯುವಿನೊಳಗೆ ಕೂತು ನಿಧಾನವಾಗಿ ಕರಗುತ್ತದೆ. ಉಜ್ಜಬೇಡಿ ಅಂದಿದ್ದು ಇದಕ್ಕೇ. ಉಜ್ಜಿದರೆ ಹರಳು ಚದುರಿ ಬೇಗ ಕರಗಿಬಿಡಬಹುದು. ಎಲ್ಲರ ಮೈಯಲ್ಲೂ ಒಂದೇ ವೇಗದಲ್ಲಿ ಕರಗುವುದಿಲ್ಲ. ಬೇಗ ಕರಗುವವರಿಗೂ ಮಧ್ಯದಲ್ಲಿ ಕೈಕೊಡಬಾರದು ಅಂತ 3 ತಿಂಗಳು ಅಂತ ಇಟ್ಟಿದ್ದಾರೆ.

ನಮ್ಮನೆಯವರು ತಲೆ ಅಲ್ಲಾಡಿಸಿ, ಅಂದ್ರೆ ಮೇಡಂ ಇದು ಗ್ಯಾರಂಟಿ ಪೀರಿಯಡ್ಡು, ಅಂದರು. ಮೊಬೈಲಿಗೆ ಒಂದು ವರ್ಷ ಗ್ಯಾರಂಟಿ ಕೊಟ್ಟರೆ 366ನೇ ದಿನ ಅದು ಕೆಡಲೇಬೇಕು ಅಂತೇನಿಲ್ಲವಲ್ಲ. ಮೇಡಂ ನಕ್ಕುಬಿಟ್ಟರು. ಇಷ್ಟು ಸರಿಯಾಗಿ ನಾನೂ ಹೇಳಿರಲಿಲ್ಲಪ್ಪ ಅಂದರು. ಲಾಕ್‌ಡೌನಿನಲ್ಲಿ ನಾಲ್ಕು ವಾರ ತಡವಾದರೂ ನಡೆಯುತ್ತದೆ ಅಂದಿದ್ದರಲ್ಲ, ಅದರ ಗುಟ್ಟೂ ಇದೇ ಅಂತ ನನಗೆ ಆಗ ಹೊಳೆಯಿತು. ಒಂದು ತಿಂಗಳು ಮಿಕ್ಕಿ ಕೆಲಸ ಮಾಡುತ್ತದೆ ಅಂತ ಖುಷಿಪಟ್ಟವಳಿಗೆ, ನಿಲ್ಲಿಸಿದಾಗಲೂ ಹಾಗೇ ಮಿಕ್ಕುತ್ತದೆ ಅಂತ ತಲೆಗೆ ಹೋಗಿರಲಿಲ್ಲ.

ಆಮೇಲೆ ನಂಬರ್ ಹೇಳಿದರು. ನಾನು ಮನೆಗೆ ಬಂದು ಇದೇ ಔಷಧಿಯ ಕಂಪನಿ ಇಂಜೆಕ್ಷನ್ ಡೆಪೋ-ಪ್ರೊವೆರಾದ ಮಾಹಿತಿ ಹಾಳೆ ಹುಡುಕಿ ಓದಿದೆ, ಅದರಲ್ಲೂ ಅದೇ ಇದೆ. ನಿಲ್ಲಿಸಿ ಬಸುರಾದವರ ಲೆಕ್ಕ ತೆಗೆದರೆ ಕೊನೆಯ ಇಂಜೆಕ್ಷನ್ನಿನಿಂದ ಸರಿಮಧ್ಯದ ಅಂಕಿ 10 ತಿಂಗಳು. ಅಂದರೆ ಅರ್ಧ ಜನಕ್ಕೆ ಅದಕ್ಕಿಂತ ಜಾಸ್ತಿ. 12 ತಿಂಗಳೊಳಗೆ 100ಕ್ಕೆ 68 ಜನ, 15 ತಿಂಗಳೊಳಗೆ 83, 18 ತಿಂಗಳೊಳಗೆ 93. ಬೇಗ ಅಂದರೆ 4 ತಿಂಗಳು, ತಡ ಅಂದರೆ 31 ತಿಂಗಳು. ಇನ್ನೊಂದು ಸಾಲು ಓದಿ ನನಗೆ ಎದೆ ಮೇಲಿನ ಕಲ್ಲು ಇಳಿಯಿತು. ಎಷ್ಟು ವರ್ಷ ತೆಗೆದುಕೊಂಡಿರಿ ಅನ್ನುವುದಕ್ಕೂ ಎಷ್ಟು ತಡವಾಗುತ್ತದೆ ಅನ್ನುವುದಕ್ಕೂ ಸಂಬಂಧ ಇಲ್ಲ. 12 ತೆಗೆದುಕೊಂಡಿದ್ದೇ ತಪ್ಪಾಯಿತು, 4ಕ್ಕೇ ನಿಲ್ಲಿಸಬೇಕಿತ್ತು ಅಂತ ನಾನು ರಾತ್ರಿಯೆಲ್ಲ ಕೊರಗಿದ್ದು ಸುಮ್ನೆ ಕೊರಗಿದ್ದು.

ಡೇಟ್ ಬರುವ ಮಾತ್ರೆ ಕೊಡಿ ಮೇಡಂ ಅಂತ ಕೇಳಿದೆ. ಮಾತ್ರೆ ಕೊಟ್ರೆ ರಕ್ತ ಬರಬಹುದು, ಮೊಟ್ಟೆ ಬರಲ್ಲ, ನಿನಗೆ ಬೇಕಾಗಿರೋದು ಯಾವುದು? ಅಂದರು. ಅಲ್ಲಿಗೆ ಬಾಯಿ ಮುಚ್ಚಿದೆ. ಥೈರಾಯ್ಡ್, ರಕ್ತದ ಪ್ರಮಾಣ, ಶುಗರ್ ಇಷ್ಟು ನೋಡಿಸಿದರು. ಫೋಲಿಕ್ ಆಸಿಡ್ ಮಾತ್ರೆ ಅವತ್ತೇ ಶುರು ಮಾಡಿಸಿದರು. ಮಗುವಿನ ಬೆನ್ನುಹುರಿ ರೂಪಗೊಳ್ಳುವುದು ಬಸುರಿ ಅಂತ ಗೊತ್ತಾಗುವ ಮೊದಲ ವಾರಗಳಲ್ಲೇ, ಡೇಟ್ ಇಲ್ಲದ ನಿನ್ನಂಥವರಿಗೆ ಗೊತ್ತಾಗುವುದು ಇನ್ನೂ ತಡ, ಅದಕ್ಕೇ ಈಗಿಂದಲೇ ತಗೋ ಅಂದರು. ಡೇಟ್ ಬರುವ ಮುಂಚೆಯೇ ಮೊಟ್ಟೆ ಬಿಡುಗಡೆಯಾಗಿ ಗರ್ಭ ನಿಂತುಬಿಡಬಹುದು ಅನ್ನುವುದೂ ನನಗೆ ಅವತ್ತೇ ಗೊತ್ತಾಗಿದ್ದು. ಇಂಜೆಕ್ಷನ್ ನಿಲ್ಲಿಸಿ, ಡೇಟ್ ಬಂದಿಲ್ಲ ಬಿಡು ಏನೂ ಆಗಲ್ಲ ಅಂತ ಧೈರ್ಯವಾಗಿ ಇರುವವರು ಇದ್ದರೆ ಇದನ್ನು ಓದಿಕೊಳ್ಳಿ.

ನಮ್ಮನೆಯವರಿಗೂ ಒಂದು ಟೆಸ್ಟ್ ಬರೆದರು. ನನಗ್ಯಾಕೆ, ಒಂದು ಮಗು ಆಗಿದೆಯಲ್ಲ, ಅಂದರು ಇವರು. ಅವಳಿಗೂ ಅದೇ ಮಗು ಆಗಿರೋದು, ಅಂದರು ಮೇಡಂ. ಮಾಡಿಸಿಕೊಂಡರು, ನಾರ್ಮಲ್ ಬಂತು.

ಇಡೀ ಭೇಟಿಗೆ ಫೀಸು 300 ರೂಪಾಯಿ. ವರ್ಷ ತುಂಬಿದರೂ ಡೇಟ್ ಬರದಿದ್ದರೆ ಬಾ, ಇಲ್ಲದಿದ್ದರೆ ಬರಬೇಡ ಅಂತ ಕಳಿಸಿದರು. ಬರಬೇಡ ಅಂದ ಡಾಕ್ಟರನ್ನು ನಾನು ನೋಡಿದ್ದು ಅದೇ ಮೊದಲು.

ಮೇ ತಿಂಗಳ ಸುಡುಬಿಸಿಲಿನಲ್ಲಿ ಡೇಟ್ ಬಂತು. ಸರಿಯಾಗಿ, ಹೊಟ್ಟೆನೋವಿನ ಸಮೇತ. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ ನನ್ನನ್ನು ನೋಡಿ ಮಗಳು ಹೆದರಿದಳು.

ಇಲ್ಲಿ ಇನ್ನೊಂದು ವಸ್ತುವಿನ ಬಗ್ಗೆಯೂ ಎರಡು ಮಾತು. ಮೊಟ್ಟೆ ಬಿಡುಗಡೆ ದಿನ ತಿಳಿಸುವ ಪಟ್ಟಿ ಬರುತ್ತದೆ, ಓವ್ಯುಲೇಷನ್ ಕಿಟ್. ಮೊದಲನೇ ಮೆಡಿಕಲ್ ಶಾಪಿನ ಹುಡುಗ ನಾನು ಕೇಳಿದ್ದು ಪೂರ್ತಿ ಕೇಳಿಸಿಕೊಳ್ಳದೆ ನಾಚಿಕೊಂಡು ಪ್ರೆಗ್ನೆನ್ಸಿ ಕಿಟ್ಟನ್ನೇ ಪೇಪರಲ್ಲಿ ಸುತ್ತಿ ಕೊಟ್ಟ. ಮನೆಗೆ ಬಂದು ಬಿಚ್ಚಿದರೆ ಅದು. ಎರಡನೇ ಅಂಗಡಿಯಲ್ಲಿ ಮೊಬೈಲಲ್ಲಿ ಫೋಟೋ ತೋರಿಸಿ ತಂದೆ. ಇದನ್ನು ಓದುವ ರೀತಿ ಬೇರೆ. ಪ್ರೆಗ್ನೆನ್ಸಿ ಕಿಟ್ಟಿನಲ್ಲಿ ಎರಡನೇ ಗೆರೆ ತೆಳುವಾಗಿ ಬಂದರೂ ಬಂದ ಹಾಗೆ. ಇದರಲ್ಲಿ ತೆಳು ಗೆರೆಗೆ ಅರ್ಥವಿಲ್ಲ, ಪಕ್ಕದ ಗೆರೆಯಷ್ಟೇ ಗಾಢವಾಗಬೇಕು. ಹಾಗಾದರೆ ಇನ್ನು ಒಂದೂವರೆ ದಿನದೊಳಗೆ ಮೊಟ್ಟೆ ಬರುತ್ತದೆ ಅಂತ. ಜೂನ್‌ನಲ್ಲಿ ಗೆರೆ ತೆಳುವಾಗೇ ಉಳಿಯಿತು. ಜುಲೈನಲ್ಲಿ ಎರಡೂ ಗಾಢವಾಗಿ ಬಂದವು. ಅದನ್ನು ಕಿಟಕಿ ಮೇಲೆ ಮರೆತು ಅಕ್ಕಿ ತೊಳೆಯಲು ಹೋದೆ ನೋಡಿ, ಅತ್ತೆ ಕಣ್ಣಿಗೆ ಬಿತ್ತು. ಎರಡು ಗೆರೆ ಅಂದರೆ ಏನು ಅಂತ ಅವರಿಗೂ ಸೀರಿಯಲ್ ನೋಡಿ ಗೊತ್ತು. ನಾನು ವಿವರಿಸುವಷ್ಟರಲ್ಲಿ ಹರಿಹರದ ಚಿಕ್ಕತ್ತೆಗೆ ಫೋನ್ ಹೋಗಿ, ಸಂಜೆಗೆ ಅವರು ಮಂಡಕ್ಕಿ ಲಾಡು ಕಟ್ಟಿಸಿಕೊಂಡು ಬಂದಿಳಿದಿದ್ದರು. ಇದು ಆ ಕಿಟ್ಟಲ್ಲ ಅತ್ತೆ, ಅಂತ ಹೇಳುವ ಕಷ್ಟ ಯಾರಿಗೂ ಬೇಡ. ಲಾಡು ತಿಂದೆವು. ಕಿಟ್ಟಿಗೆ 5ಕ್ಕೆ 4, ಆದರೆ ಒಳಗಿನ ಚೀಟಿ ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಮಾತ್ರ ಇತ್ತು, ಅದಕ್ಕೆ ಒಂದು ಕಟ್.

ಸೆಪ್ಟೆಂಬರ್‌ನಲ್ಲಿ ಗರ್ಭ ನಿಂತಿತು. ಜುಲೈ 2022ರಿಂದ ಎಣಿಸಿದರೆ 14 ತಿಂಗಳು. ಆಶಾ ಅಕ್ಕ ಕೊಟ್ಟ ನಿಶ್ಚಯ್ ಪ್ರೆಗ್ನೆನ್ಸಿ ಕಿಟ್ಟಿನಲ್ಲಿ ನೋಡಿದ್ದು. ಈ ಸಲ ಅತ್ತೆಗೆ ತೋರಿಸಿದರೆ, ಇದು ಯಾವ ಕಿಟ್ಟು ಅಂತ ಮೊದಲೇ ಹೇಳಿಬಿಡು, ಅಂದರು. 2024ರ ಜೂನ್‌ನಲ್ಲಿ ಮಗ ಹುಟ್ಟಿದ.

ಈಗ ಬೈಯುವವರು ಬೈಯಿರಿ, ಅವನು ಹುಟ್ಟಿದ 6 ವಾರಕ್ಕೆ ನಾನು ಮತ್ತೆ ಇದೇ ಇಂಜೆಕ್ಷನ್‌ಗೆ ಹೋದೆ. ಇನ್ನು ನಮಗೆ ಮಕ್ಕಳು ಬೇಡ. 10 ತಿಂಗಳು ತಡವಾದರೇನು, 31 ತಿಂಗಳು ತಡವಾದರೇನು? ಆಪರೇಷನ್ ಮಾಡಿಸಿಕೊಳ್ಳಲು ನನಗೆ ಸದ್ಯಕ್ಕೆ ಮನಸ್ಸಿಲ್ಲ, ಗಂಡಸರ ಆಪರೇಷನ್ ಅದಕ್ಕಿಂತ ಸಣ್ಣದು ಅಂತ ಹೇಳಿದರೆ ನಮ್ಮನೆಯವರಿಗೆ ಅಂಗಡಿಯಲ್ಲಿ ಲೋಡ್ ಬಂದಿರುತ್ತದೆ. ಮೂಳೆ ವಿಷಯ ಮೇಡಂ ಹತ್ತಿರ ಕೇಳಿದೆ. ತೆಗೆದುಕೊಳ್ಳುವಷ್ಟು ಕಾಲ ಮೂಳೆಯ ಗಟ್ಟಿತನ ಸ್ವಲ್ಪ ಇಳಿಯುತ್ತದೆ, ನಿಲ್ಲಿಸಿದ ಮೇಲೆ ಹೆಚ್ಚುಕಮ್ಮಿ ವಾಪಸ್ ಬರುತ್ತದೆ, ಎರಡು ವರ್ಷಕ್ಕೊಮ್ಮೆ ಮುಂದುವರಿಸಬೇಕಾ ಅಂತ ಕೂತು ಯೋಚಿಸೋಣ, ರಾಗಿ, ಹಾಲು ಬಿಡಬೇಡ, ಬಿಸಿಲಿಗೆ ನಿಲ್ಲು ಅಂದರು. ದಾವಣಗೆರೆಯಲ್ಲಿ ಬಿಸಿಲಿಗೆ ಬರವೇ?

ಮೊದಲ ಸಲವೇ ಯಾರಾದರೂ ಕೂರಿಸಿಕೊಂಡು, ಮುಂದಿನ ಮಗು ಯಾವಾಗ ಬೇಕು ಅಂತ ಕೇಳಿದ್ದರೆ ನಾನು ವಂಕಿ, ಅಂದರೆ ಗರ್ಭಕೋಶದೊಳಗೆ ಇಡುವ ಕಾಪರ್ ಟಿ, ಹಾಕಿಸಿಕೊಳ್ಳುತ್ತಿದ್ದೆನೇನೋ. ಕಾಪರ್ ಟಿ ತೆಗೆಸಿದರೆ ಕಾಯುವ ಕೆಲಸವಿಲ್ಲ, ಅದರಲ್ಲಿ ಹಾರ್ಮೋನೇ ಇಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ 5 ವರ್ಷದ್ದೂ ಇದೆ, 10 ವರ್ಷದ್ದೂ ಇದೆ. ಅಥವಾ ಛಾಯಾ ಮಾತ್ರೆ, ಅದರಲ್ಲೂ ಹಾರ್ಮೋನ್ ಇಲ್ಲ, ಮೊದಲ 3 ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ನನ್ನಂಥ ಮರೆವಿನವಳಿಗೆ ವಾರಕ್ಕೊಂದೂ ಕಷ್ಟವೇ, ಅದು ಬೇರೆ ಮಾತು.

2025ರ ಜುಲೈನಲ್ಲಿ 5ನೇ ಡೋಸ್‌ಗೆ ಹೋಗಿದ್ದೆ. ಬೆಂಚಿನ ಮೇಲೆ ನನ್ನ ಪಕ್ಕ ಒಬ್ಬಳು ಹುಡುಗಿ, ಇಪ್ಪತ್ತೆರಡು ಇಪ್ಪತ್ಮೂರು ಇರಬೇಕು, ಮಡಿಲಲ್ಲಿ ಎರಡು ತಿಂಗಳ ಕೂಸು, ಕೈಯಲ್ಲಿ ಹೊಸ ಕಾರ್ಡು, ಮಡಿಕೆ ಕೂಡ ಬಿದ್ದಿಲ್ಲ. ಎಷ್ಟು ವರ್ಷ ಬಿಟ್ಟು ಇನ್ನೊಂದು ಮಾಡ್ಕೋತೀಯಮ್ಮ? ಅಂತ ಕೇಳಿದೆ. ಮುಂದಿನ ವರ್ಷವೇ ಅಕ್ಕ, ಒಟ್ಟಿಗೇ ಬೆಳ್ಕೊಂಡು ಬಿಡ್ಲಿ ಅಂತಾರೆ ನಮ್ಮತ್ತೆ, ಅಂದಳು. ಅಷ್ಟು ಹತ್ತಿರ ಹತ್ತಿರ ಬೇಡ ಕಣೇ, ನಿನ್ನ ಮೈಯೂ ಚೇತರಿಸ್ಕೋಬೇಕು, ಅಂದು ನನ್ನ ಹಳೇ ಕಾರ್ಡ್ ಬ್ಯಾಗಿನಿಂದ ತೆಗೆದೆ. ಮೇಡಂ ಪೆನ್ನಿನಿಂದ ಎಳೆದ ಗೆರೆ ಇನ್ನೂ ಇದೆ. ಬೆರಳಿಟ್ಟು ಅಲ್ಲಿಂದ ಎಣಿಸಿ ತೋರಿಸಿದೆ. ಅವಳ ಹೆಸರು ಕೂಗಿದರು. ಒಳಗೆ ಹೋದವಳು ಬಾಗಿಲಲ್ಲೇ ನಿಂತು ಸಿಸ್ಟರನ್ನು ಏನೋ ಕೇಳುತ್ತಿದ್ದಳು, ಹಿಂದಿನ ಸಾಲಿನವರು ಬೇಗ ಬೇಗ ಅನ್ನುತ್ತಿದ್ದರು, ಅವಳು ಕೇಳುತ್ತಲೇ ಇದ್ದಳು.